ಹಾಜರಿ ಪುಸ್ತಕವೂ ಜೀವಬಾಧ್ಯರ ಪುಸ್ತಕವೂ: ಕಣ್ಗಾವಲಿನ ಕಾದಂಬರಿಗಳನ್ನು ಬಿಜಾಪುರ ಸೀಮೆಯಿಂದ ಓದುವುದು

ಪ್ರಭುತ್ವವು ಪ್ರಜೆಯ ಮನೆಯೊಳಗೂ ಮನಸ್ಸಿನೊಳಗೂ ಇಣುಕಿ ನೋಡುವ ಕಾಲ್ಪನಿಕ ಲೋಕಗಳನ್ನು ಚಿತ್ರಿಸಿದ ಕಾದಂಬರಿಗಳಿಗೆ ವಿಮರ್ಶಕರು ಡಿಸ್ಟೋಪಿಯ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಅವುಗಳನ್ನು ದುಃಸ್ವಪ್ನರಾಜ್ಯದ ಕಥೆಗಳು ಎನ್ನಬಹುದು. ರಷ್ಯದ ಯೆವ್ಗೆನಿ ಝಮ್ಯಾತಿನ್ 1920ರ ಸುಮಾರಿಗೆ ಬರೆದ ‘ನಾವು’, ಆಲ್ಡಸ್ ಹಕ್ಸ್‌ಲಿಯ 1932ರ ‘ಬ್ರೇವ್ ನ್ಯೂ ವರ್ಲ್ಡ್’, ಜಾರ್ಜ್ ಆರ್ವೆಲ್‌ನ 1949ರ ‘ನೈಂಟೀನ್ ಎಯ್ಟಿಫೋರ್’, ಮಾರ್ಗರೆಟ್ ಆಟ್‌ವುಡ್ ಅವರ 1985ರ ‘ದ ಹ್ಯಾಂಡ್‌ಮೇಡ್ಸ್ ಟೇಲ್’ ಈ ಸಾಲಿನ ಮುಖ್ಯ ಕೃತಿಗಳು. ಇವನ್ನು ಓದಿದ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳುತ್ತಾರೆ. ಇದು ರಷ್ಯದ ಅಥವಾ ಜರ್ಮನಿಯ ಸಂಗತಿ, ನಮ್ಮದಲ್ಲ ಎನ್ನುವುದು ಮೊದಲನೆಯದು. ಇದು ಪ್ರಕಟನೆ ಗ್ರಂಥದ ಹದಿಮೂರನೆಯ ಅಧ್ಯಾಯದ ಮೃಗದ ಗುರುತು, ಮುಂದೆ ಬರಲಿರುವುದು ಎನ್ನುವುದು ಎರಡನೆಯದು. ಈ ಎರಡು ಓದುಗಳೂ ಸಾಲವೆಂದು ತೋರಿಸುವುದು ಈ ಲೇಖನದ ಉದ್ದೇಶ. ಆ ಕಾದಂಬರಿಗಳಲ್ಲಿ ಬರುವ ವ್ಯವಸ್ಥೆಯ ಬಹುಪಾಲು ಅಂಗಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳನ್ನು ಒಳಗೊಂಡ ಬಿಜಾಪುರ ಜಿಲ್ಲೆಯಲ್ಲಿ ಕಾಯಿದೆಯ ಬಲದಿಂದ ನಡೆದುಹೋಗಿವೆ. ಅದರ ಪಕ್ಕದ ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಅವುಗಳ ಬೀಗದ ಕೈಯನ್ನು ಹಿಡಿದವರು ಕ್ರೈಸ್ತ ಮಿಷನ್ನಿನವರೇ ಆಗಿದ್ದರು.

ಮೊದಲು ಕಾದಂಬರಿಗಳ ವಿಷಯ. ಇವುಗಳಲ್ಲಿ ಯಂತ್ರಗಳು ಎದ್ದು ಕಾಣುತ್ತವೆ: ಗೋಡೆಯ ಮೇಲೆ ನೋಡುವ, ಕೇಳುವ ಪರದೆ, ಗಾಜಿನ ಮನೆಗಳು, ಮಗು ಮಲಗಿದಾಗ ಕಿವಿಯಲ್ಲಿ ಉಸುರುವ ಪಾಠಗಳು. ಆದರೆ ದೇವಶಾಸ್ತ್ರ ಕಲಿಯುವವರು ಯಂತ್ರಗಳಿಗಿಂತ ಹೆಚ್ಚಾಗಿ ಅಲ್ಲಿನ ಹೆಸರುಗಳನ್ನು ಗಮನಿಸಬೇಕು. ಝಮ್ಯಾತಿನ್ನನ ರಾಜ್ಯದಲ್ಲಿ ಸರ್ವಾಧಿಕಾರಿಯ ಹೆಸರು ‘ಉಪಕಾರಿ’. ಗೂಢಚಾರರ ಹೆಸರು ‘ಪಾಲಕರು’. ಆರ್ವೆಲ್‌ನಲ್ಲಿ ಎಲ್ಲವನ್ನೂ ನೋಡುವವನು ‘ಅಣ್ಣ’. ಆಟ್‌ವುಡ್‌ರಲ್ಲಿ ಸ್ತ್ರೀಯರನ್ನು ಹದ್ದುಬಸ್ತಿನಲ್ಲಿಡುವವರು ‘ಚಿಕ್ಕಮ್ಮಂದಿರು’. ಇವು ಪೊಲೀಸರ, ಜೈಲರುಗಳ ಹೆಸರುಗಳಲ್ಲ. ಬಂಧುಬಳಗದಿಂದ, ಕುರುಬವೃತ್ತಿಯಿಂದ, ಅಂದರೆ ಸಭಾಪಾಲಕನ ಕಸುಬಿನಿಂದ ಆ ಹೆಸರುಗಳು ಎರವಲು ಬಂದಿವೆ. ವಿನ್‌ಸ್ಟನ್ನನನ್ನು ಹಿಂಸಿಸುವ ಓಬ್ರಯನ್ ಕ್ರೂರಿಯಾಗಿ ಅಬ್ಬರಿಸುವುದಿಲ್ಲ. ವೈದ್ಯನ ಹಾಗೆ, ಉಪಾಧ್ಯಾಯನ ಹಾಗೆ, ಪಾದ್ರಿಯ ಹಾಗೆ ತಾಳ್ಮೆಯಿಂದ ತಿಳಿಯಹೇಳುತ್ತಾನೆ. ನಿನ್ನನ್ನು ಕೊಲ್ಲುವುದಲ್ಲ, ಗುಣಪಡಿಸುವುದೇ ನಮ್ಮ ಇಚ್ಛೆ ಎಂಬುದು ಅವನ ನಿಲುವು.

ಇನ್ನೊಂದು ಸಂಗತಿಯೂ ಉಂಟು. ಹಕ್ಸ್‌ಲಿಯ ಕಥೆಯಲ್ಲಿ ಆಡಳಿತಗಾರನಾದ ಮುಸ್ತಫಾ ಮಾಂಡ್ ಸತ್ಯವೇದವನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದಾನೆ. ಆಟ್‌ವುಡ್‌ರ ಕಥೆಯಲ್ಲಿಯೂ ಸತ್ಯವೇದಕ್ಕೆ ಬೀಗವಿದೆ. ಯಜಮಾನನು ಮಾತ್ರ ಅದನ್ನು ತೆಗೆದು ತನಗೆ ಬೇಕಾದ ಭಾಗವನ್ನು ಓದಿ ಹೇಳುತ್ತಾನೆ. ಒಂದು ರಾಜ್ಯಕ್ಕೆ ದೇವರು ಬೇಡ, ಇನ್ನೊಂದಕ್ಕೆ ದೇವರು ತನ್ನ ಆಳಾಗಿ ಬೇಕು. ಈ ಎರಡನೆಯ ಬಗೆಯ ರಾಜ್ಯವು ಸಭೆಗೆ ಹೆಚ್ಚು ಅಪಾಯಕಾರಿ ಎಂದು ನಾವು ಎಣಿಸುತ್ತೇವೆ. ಮೊದಲನೆಯದರಲ್ಲಿ ಸಭೆ ಹಿಂಸೆಗೆ ಒಳಗಾಗುತ್ತದೆ. ಎರಡನೆಯದರಲ್ಲಿ ಅದಕ್ಕೆ ನೌಕರಿ ಸಿಗುತ್ತದೆ.

ಆರ್ವೆಲ್ ಯಾರೆಂಬುದನ್ನೂ ಮರೆಯಬಾರದು. ಅವನು ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ. ತಂದೆ ಸರಕಾರದ ಅಫೀಮು ಇಲಾಖೆಯ ನೌಕರ. 1922ರಿಂದ 1927ರ ವರೆಗೆ ಅವನು ಆಗ ಭಾರತಕ್ಕೆ ಸೇರಿದ್ದ ಬರ್ಮಾದಲ್ಲಿ ಸಾಮ್ರಾಜ್ಯದ ಪೊಲೀಸ್ ಅಧಿಕಾರಿಯಾಗಿದ್ದು, ಆ ಕೆಲಸವನ್ನು ತೊರೆದು ಹೋದನು. ಅವನ ಕಾದಂಬರಿಯನ್ನು ಮಾಸ್ಕೋದ ಕಡೆಗೆ ಬೆರಳು ತೋರಿಸಿ ಓದುವುದು ವಾಡಿಕೆ. ಆದರೆ ಪ್ರಜೆಯ ಮೇಲೆ ಕಣ್ಣಿಡುವ ಕೆಲಸದ ರೀತಿನೀತಿಗಳನ್ನು ಅವನು ಒಳಗಿನಿಂದ ಕಲಿತದ್ದು ಈ ಉಪಖಂಡದ ಖಾಕಿ ಉಡುಪಿನಲ್ಲಿ.

ಬಿಜಾಪುರ ಸೀಮೆಯ ಹಾಜರಿ

1871ರಲ್ಲಿ ಬ್ರಿಟಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಕಾಯಿದೆಯನ್ನು ಮಾಡಿತು. ಮೊದಲು ಅದು ಉತ್ತರ ಭಾರತಕ್ಕೆ ಮಾತ್ರ ಅನ್ವಯಿಸುತ್ತಿತ್ತು. 1911ರ ತಿದ್ದುಪಡಿಯಿಂದ ಅದನ್ನು ಮುಂಬೈ, ಮದ್ರಾಸು ಪ್ರಾಂತ್ಯಗಳಲ್ಲಿಯೂ ಜಾರಿಮಾಡಲು ದಾರಿಯಾಯಿತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿದ ಹೊಸ ಕಾಯಿದೆ ಬಂದಿತು. ಕಾಯಿದೆಯ ತಿರುಳು ಸರಳವಾದದ್ದು. ಯಾವುದಾದರೂ ಪಂಗಡವು ಜಾಮೀನಿಲ್ಲದ ಅಪರಾಧಗಳನ್ನು ರೂಢಿಯಾಗಿ ಮಾಡುತ್ತದೆಂದು ಸರಕಾರ ನಂಬಿದರೆ ಆ ಪಂಗಡವನ್ನೇ ಅಪರಾಧಿಯೆಂದು ಘೋಷಿಸಬಹುದು. ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಘೋಷಣೆಯಾದ ಮೇಲೆ ಪಂಗಡದವರ ಹೆಸರುಗಳು ರಿಜಿಸ್ಟರಿಗೆ ಏರುತ್ತವೆ, ಬೆರಳಚ್ಚು ತೆಗೆಯಲಾಗುತ್ತದೆ. ಗೊತ್ತಾದ ಹೊತ್ತಿಗೆ ಗೊತ್ತಾದ ಸ್ಥಳದಲ್ಲಿ ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ತಿಳಿಸಬೇಕು, ಪಾಸು ಪಡೆಯಬೇಕು. ಸರಕಾರ ಇಚ್ಛಿಸಿದರೆ ಇಡೀ ಕುಟುಂಬವನ್ನು ಒಂದು ವಸಾಹತಿಗೆ ಸಾಗಿಸಬಹುದು. ಆರು ವರ್ಷ ತುಂಬಿದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಯಲ್ಲಿಡಬಹುದು.

ಹುಟ್ಟಿದ ಮಗು ಇನ್ನೂ ಏನನ್ನೂ ಮಾಡಿಲ್ಲ. ಆದರೂ ಅದರ ಹೆಸರಿಗೆ ರಿಜಿಸ್ಟರಿನಲ್ಲಿ ಜಾಗ ಕಾದಿರುತ್ತದೆ. ಆರ್ವೆಲ್ ಮನಸ್ಸಿನಲ್ಲಿ ಮಾಡಿದ ಅಪರಾಧವನ್ನು ಕಲ್ಪಿಸಿಕೊಂಡನು. ಈ ಕಾಯಿದೆ ರಕ್ತದಲ್ಲಿರುವ ಅಪರಾಧವನ್ನು ಕಲ್ಪಿಸಿಕೊಂಡಿತು.

ಆಗಿನ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅದರ ತಾಲೂಕುಗಳು. ಬಾಗೇವಾಡಿಗೆ ಬಸವನ ಹೆಸರು ಇನ್ನೂ ಕಾಗದಪತ್ರಗಳಲ್ಲಿ ಅಂಟಿರಲಿಲ್ಲ. ಮಳೆ ಕೈಕೊಟ್ಟರೆ ಜೋಳವಿಲ್ಲ, ಜೋಳವಿಲ್ಲದ ವರ್ಷ ಗುಳೆ ಹೊರಡುವುದೇ ಗತಿ ಎಂಬ ಸೀಮೆ ಇದು. ಇಲ್ಲಿ ತಿರುಗಾಡಿ ಬದುಕುವ ಪಂಗಡಗಳು ಹಲವು: ಬುಟ್ಟಿ ಹೆಣೆಯುವ ಕೈಕಾಡಿಗಳು, ಬೇಟೆಯಾಡುವ ಹರಣಶಿಕಾರಿಗಳು, ಗಂಟಿಚೋರರೆಂದು ಪರರು ಹೆಸರಿಟ್ಟವರು, ಛಪ್ಪರಬಂದರು. ಛಪ್ಪರಬಂದ್ ಎಂಬ ಹೆಸರೇ ಚಪ್ಪರ ಕಟ್ಟುವ ಕಸುಬನ್ನು ಹೇಳುತ್ತದೆ. ಬಿಜಾಪುರ ಜಿಲ್ಲೆ ಈ ಮುಸಲ್ಮಾನ ಪಂಗಡದ ಮುಖ್ಯ ನೆಲೆ. ಪೊಲೀಸರ ಕಡತಗಳಲ್ಲಿ ಮಾತ್ರ ಅವರು ಖೋಟಾ ನಾಣ್ಯ ಮಾಡುವವರು ಎಂದೇ ಪ್ರಸಿದ್ಧರು. ಮುಂಬೈ ಪ್ರಾಂತ್ಯದ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ಪ್ರಾಂತ್ಯದ ‘ಅಪರಾಧಿ ವರ್ಗ’ಗಳ ಮೇಲೆ ಒಂದು ಕೈಪಿಡಿಯನ್ನೇ ಹೊರತಂದನು. ಅದರಲ್ಲಿ ಒಂದೊಂದು ಪಂಗಡದ ಉಡುಪು, ನುಡಿ, ತಿರುಗಾಟದ ದಾರಿ, ಉಪಕರಣಗಳು ಎಲ್ಲವೂ ವಿಂಗಡವಾಗಿ ದಾಖಲಾಗಿವೆ. ಜನರನ್ನು ಅರಿಯುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗೆರೆ ಅಂಥ ಪುಸ್ತಕದಲ್ಲಿ ಅಳಿಸಿಹೋಗುತ್ತದೆ. ಮಿಷನೆರಿಗಳೂ ಅದೇ ಕಾಲದಲ್ಲಿ ಜನರ ನುಡಿ, ನಡೆ, ಹಬ್ಬಹರಿದಿನಗಳನ್ನು ಬರೆದಿಡುತ್ತಿದ್ದರೆಂಬುದನ್ನು ನಾವು ಇಲ್ಲಿ ಸೇರಿಸಿ ಹೇಳಬೇಕು.

ಮುಂಬೈ ಪ್ರಾಂತ್ಯದ ವಸಾಹತುಗಳ ಮೊದಲ ಪ್ರಯೋಗಗಳಲ್ಲಿ ಒಂದು ಬಿಜಾಪುರದಲ್ಲಿಯೇ ನಡೆಯಿತು. ಅದರ ಹಿಂದಿದ್ದವನು ಓ. ಎಚ್. ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ಮುಂದೆ ಇಡೀ ಪ್ರಾಂತ್ಯದ ವಸಾಹತುಗಳ ಹೊಣೆ ಅವನಿಗೇ ಬಂದಿತು. ಅವನನ್ನು ಕಾದಂಬರಿಯ ಖಳನಾಯಕನಂತೆ ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಬರೀ ಪಹರೆಯಿಂದ ಫಲವಿಲ್ಲ, ದುಡಿಮೆ ಕೊಡಬೇಕು, ಶಾಲೆ ತೆರೆಯಬೇಕು ಎಂದು ವಾದಿಸಿದವನು ಅವನು. 1928ರಿಂದ 1930ರ ವರೆಗೆ ದಲಿತ ವರ್ಗ ಹಾಗೂ ಆದಿವಾಸಿಗಳ ಸ್ಥಿತಿಯನ್ನು ವಿಚಾರಿಸಿದ ಮುಂಬೈ ಸರಕಾರದ ಸಮಿತಿಗೆ ಅವನೇ ಅಧ್ಯಕ್ಷ, ಡಾ. ಬಿ. ಆರ್. ಅಂಬೇಡ್ಕರರು ಆ ಸಮಿತಿಯ ಸದಸ್ಯರಲ್ಲಿ ಒಬ್ಬರು. ಆ ಸಮಿತಿಯ ವರದಿಯ ಫಲವಾಗಿ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು. ಹೀಗಿರುವಾಗ ಒಬ್ಬ ದಯಾಳುವಾದ ಮನುಷ್ಯನ ಮೇಲ್ವಿಚಾರಣೆಯಲ್ಲಿಯೇ ತಂತಿಯ ಬೇಲಿ ಎದ್ದಿತು, ಹಾಜರಿಯ ಗಂಟೆ ಬಾರಿಸಿತು, ಮಕ್ಕಳು ಬೇರೆಯಾದರು. ಬೇಲಿ ಹಾಕಿದ್ದು ಕ್ರೌರ್ಯದಿಂದ ಎಂದಾಗಿದ್ದರೆ ನಮಗೆ ಅದನ್ನು ಖಂಡಿಸುವುದು ಸುಲಭವಾಗುತ್ತಿತ್ತು.

ಮಿಷನ್ನಿನ ಕೈಯಲ್ಲಿ ಬೀಗದ ಕೈ

ಈ ವಸಾಹತುಗಳಿಗೆ ನಮ್ಮ ಸೀಮೆಯ ಜನ ಇಟ್ಟ ಹೆಸರು ಸೆಟ್ಲಮೆಂಟ್. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಆ ಹೆಸರಿನ ಬಡಾವಣೆಗಳು ಇಂದಿಗೂ ಇವೆ. ಗದುಗಿನ ಸೆಟ್ಲಮೆಂಟನ್ನು ಬಾಸೆಲ್ ಮಿಷನ್ನಿನ ಕೆಲಸವನ್ನು ಮುಂದುವರಿಸಿದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ನಡೆಸಿತು. ಹುಬ್ಬಳ್ಳಿಯದು ಇಂಗ್ಲೆಂಡಿನ ಆಂಗ್ಲಿಕನ್ ಮಿಷನ್ ಆದ ಎಸ್.ಪಿ.ಜಿ.ಯ ಕೈಗೆ ಬಂದಿತು. ಸೊಲ್ಲಾಪುರದ್ದು ಅಮೆರಿಕನ್ ಮರಾಠಿ ಮಿಷನ್ನಿನದು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಗಿರಣಿಗಳಿದ್ದವು, ರೈಲ್ವೆ ಇತ್ತು, ಕೆಲಸಗಾರರು ಬೇಕಾಗಿದ್ದರು. ಬಿಟ್ಟು ಹೋಗಲಾರದ ಕೆಲಸಗಾರರು ಗಿರಣಿಯ ಮಾಲಕರಿಗೆ ಎಷ್ಟು ಅನುಕೂಲ ಎಂಬುದನ್ನು ವಿವರಿಸುವ ಅಗತ್ಯವಿಲ್ಲ.

ಈ ಮಾದರಿ ದಕ್ಷಿಣದ್ದಷ್ಟೇ ಅಲ್ಲ. ಉತ್ತರದಲ್ಲಿ ಸಾಲ್ವೇಶನ್ ಆರ್ಮಿ 1908ರಲ್ಲಿ ಗೋರಖಪುರದಲ್ಲಿ ಮೊದಲ ವಸಾಹತನ್ನು ವಹಿಸಿಕೊಂಡಿತು. ಅದರ ನಾಯಕ ಬೂತ್-ಟಕ್ಕರ್ ಈ ಕೆಲಸಕ್ಕೆ ‘ಕ್ರಿಮಿನೊಕ್ಯೂರಾಲಜಿ’ ಎಂಬ ಹೊಸ ಶಬ್ದವನ್ನೇ ಟಂಕಿಸಿದನು: ಅಪರಾಧಿಯನ್ನು ವಾಸಿಮಾಡುವ ಶಾಸ್ತ್ರ. ಆರ್ವೆಲ್ ತನ್ನ ಕಾದಂಬರಿಯಲ್ಲಿ ಸರಕಾರ ತಯಾರಿಸಿದ ಕೃತಕ ನುಡಿಯೊಂದನ್ನು ಕಲ್ಪಿಸುವುದಕ್ಕೆ ಮೂರು ನಾಲ್ಕು ದಶಕಗಳ ಮೊದಲೇ ಮಿಷನ್ನಿನವರೊಬ್ಬರು ಅಂಥ ಶಬ್ದವನ್ನು ಪುಸ್ತಕದ ಮುಖಪುಟದ ಮೇಲೆ ಅಚ್ಚು ಹಾಕಿಸಿದ್ದರು.

ಮಿಷನ್ನುಗಳು ಯಾಕೆ ಒಪ್ಪಿಕೊಂಡವು? ಲೋಭದಿಂದ ಎಂದು ಹೇಳಲು ಸಾಧ್ಯವಿಲ್ಲ. ಜೈಲಿಗಿಂತ ಸೆಟ್ಲಮೆಂಟ್ ಮೇಲು, ಪೊಲೀಸನಿಗಿಂತ ಪಾದ್ರಿ ಮೇಲು ಎಂದು ಅವರು ಭಾವಿಸಿದರು. ಅನೇಕ ಸಂದರ್ಭಗಳಲ್ಲಿ ಅದು ನಿಜವೂ ಆಗಿತ್ತು. ಸೆಟ್ಲಮೆಂಟಿನಲ್ಲಿ ಶಾಲೆಯಿತ್ತು, ಔಷಧಿಯಿತ್ತು, ಕೂಲಿಯಿತ್ತು. ಕಳೆದುಹೋದ ಕುರಿಯನ್ನು ಹುಡುಕುವ ಕುರುಬನ ದೃಷ್ಟಾಂತ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಆದರೆ ಆ ದೃಷ್ಟಾಂತದಲ್ಲಿ ಕುರುಬನು ಕುರಿಯನ್ನು ಹುಡುಕಿಕೊಂಡು ತಾನೇ ಬೆಟ್ಟಕ್ಕೆ ಹೋಗುತ್ತಾನೆ. ಸೆಟ್ಲಮೆಂಟಿನಲ್ಲಿ ಪೊಲೀಸರು ಕುರಿಯನ್ನು ಹಿಡಿದು ತಂದು ಕುರುಬನಿಗೆ ಒಪ್ಪಿಸಿ ರಸೀತಿ ಪಡೆಯುತ್ತಿದ್ದರು. ಆ ಒಂದು ವ್ಯತ್ಯಾಸದಿಂದ ಸುವಾರ್ತೆಯ ಸ್ವರೂಪವೇ ಬದಲಾಯಿತೆಂದು ನಮ್ಮ ಅಭಿಪ್ರಾಯ. ಬಿಟ್ಟು ಹೋಗಲು ಸ್ವಾತಂತ್ರ್ಯವಿಲ್ಲದವನು ಕೇಳಿದ ಪ್ರಸಂಗವನ್ನು ಪ್ರಸಂಗವೆಂದು ಕರೆಯಬಹುದೇ? ಅವನು ಆಮೆನ್ ಎಂದರೆ ಅದು ನಂಬಿಕೆಯೋ ಹಾಜರಿಯೋ?

ಫ್ರಾನ್ಸಿನ ಚಿಂತಕ ಮಿಶೆಲ್ ಫುಕೋ ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೊಂಡೊಯ್ಯುತ್ತಾನೆ. ಬೆಂಥಮ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರೂಪಿಸಿದ, ನಡುಗೋಪುರದಿಂದ ಎಲ್ಲ ಕೋಣೆಗಳೂ ಕಾಣುವ ಸೆರೆಮನೆಯ ನಕ್ಷೆಯನ್ನು ಕುರಿತು ಅವನು 1975ರಲ್ಲಿ ಬರೆದದ್ದು ಹೆಚ್ಚು ಪ್ರಸಿದ್ಧ. ನಮಗೆ ಮುಖ್ಯವಾದದ್ದು ಅವನು 1978ರ ಉಪನ್ಯಾಸಗಳಲ್ಲಿ ಹೇಳಿದ ಮಾತು. ಪ್ರತಿಯೊಬ್ಬ ಪ್ರಜೆಯನ್ನೂ ಬಿಡಿಬಿಡಿಯಾಗಿ ಅರಿತು, ಅವನ ಹಿತಕ್ಕಾಗಿಯೇ ಅವನನ್ನು ನಡೆಸುವ ಆಧುನಿಕ ರಾಜ್ಯದ ಕಲೆ ಕ್ರೈಸ್ತ ಪಾಲಕವೃತ್ತಿಯಿಂದ ಹುಟ್ಟಿತು ಎಂಬುದು ಅವನ ವಾದ. ತೊಂಬತ್ತೊಂಬತ್ತನ್ನೂ ಆ ಒಂದನ್ನೂ ಎಣಿಸಿ ಬಲ್ಲವನೇ ಕುರುಬ. ಅದೇ ಎಣಿಕೆ ರಾಜ್ಯದ ಕೈಗೆ ಹೋದಾಗ ರಿಜಿಸ್ಟರಾಗುತ್ತದೆ. ಈ ವಾದದಲ್ಲಿ ಅತಿಶಯೋಕ್ತಿ ಇದೆ. ತೆರಿಗೆಗಾಗಿ ಜನರನ್ನು ಎಣಿಸುವ ಕಲೆಯನ್ನು ಐಗುಪ್ತದವರೂ ರೋಮಿನವರೂ ಯಾವ ಪಾದ್ರಿಯಿಂದಲೂ ಕಲಿಯಲಿಲ್ಲ. ಆದರೂ ಸೆಟ್ಲಮೆಂಟಿನ ಇತಿಹಾಸವನ್ನು ಬಲ್ಲವರು ಫುಕೋವನ್ನು ಸುಲಭವಾಗಿ ತಳ್ಳಿಹಾಕಲಾರರು.

ಕಾಯಿದೆಯ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಮುಂಬೈ ಪ್ರಾಂತ್ಯ 1949ರಲ್ಲಿ ಅದನ್ನು ರದ್ದುಮಾಡಿತು. 31 ಆಗಸ್ಟ್ 1952ರಂದು ಅದು ದೇಶದಾದ್ಯಂತ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಅಪರಾಧದ ಹೊಣೆ ಪಂಗಡದ ಮೇಲಲ್ಲ, ವ್ಯಕ್ತಿಯ ಮೇಲೆ ಎಂದು ಈ ಕಾಯಿದೆಗಳು ಹೇಳುತ್ತವೆ. ಪೊಲೀಸ್ ಠಾಣೆಯ ನೆನಪು ಅಷ್ಟು ಬೇಗ ಬದಲಾಗುವುದಿಲ್ಲ. ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಅಕ್ಟೋಬರ್ 2024ರ ತೀರ್ಪಿನಲ್ಲಿಯೂ ಪೊಲೀಸರಿಗೆ ನೆನಪಿಸಬೇಕಾಯಿತು. ಲಕ್ಷ್ಮಣ ಗಾಯಕವಾಡರು ತಮ್ಮ ‘ಉಚಲ್ಯಾ’ ಎಂಬ ಮರಾಠಿ ಆತ್ಮಕಥನದಲ್ಲಿ ಇಂಥ ಪಂಗಡವೊಂದರ ಬಾಳನ್ನು ಒಳಗಿನಿಂದ ಬರೆದಿದ್ದಾರೆ. 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆರ್ವೆಲ್‌ನನ್ನು ಓದಿದ ವಿದ್ಯಾರ್ಥಿ ಅದರ ಬೆನ್ನಿಗೇ ಈ ಪುಸ್ತಕವನ್ನು ಓದಬೇಕೆಂದು ನಾವು ಸೂಚಿಸುತ್ತೇವೆ. ಕಾದಂಬರಿಕಾರನು ಭಯಪಟ್ಟು ಕಲ್ಪಿಸಿಕೊಂಡದ್ದನ್ನು ಇನ್ನೊಬ್ಬರು ಬಾಲ್ಯವೆಂದು ನೆನೆಯುತ್ತಾರೆ.

ನೋಡುವ ದೇವರು, ಎಣಿಸುವ ಅರಸ

ಈಗ ದೇವಶಾಸ್ತ್ರದ ಪ್ರಶ್ನೆಗೆ ಬರೋಣ. ಎಲ್ಲವನ್ನೂ ನೋಡುವ ದೇವರನ್ನು ಆರಾಧಿಸುವ ನಾವು ಎಲ್ಲವನ್ನೂ ನೋಡುವ ರಾಜ್ಯವನ್ನು ಯಾವ ಆಧಾರದ ಮೇಲೆ ಪ್ರತಿಭಟಿಸಬಹುದು? ಸಂದೇಹವಾದಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟು ನಗುವುದುಂಟು. 139ನೆಯ ಕೀರ್ತನೆಯ ಮೊದಲ ಭಾಗವನ್ನು ಭಯದಿಂದ ಓದಿದರೆ ಅಲ್ಲಿ ಅಡಗಲು ಸ್ಥಳವೇ ಇಲ್ಲ, ಕತ್ತಲೆಯೂ ಮರೆಯಲ್ಲ. ಆದರೆ ಕೀರ್ತನೆಕಾರನು ಕೊನೆಗೆ ತಾನಾಗಿಯೇ ತನ್ನ ಹೃದಯವನ್ನು ಶೋಧಿಸೆಂದು ದೇವರನ್ನು ಬೇಡುತ್ತಾನೆ. ಪರದೆಯ ಮುಂದೆ ನಿಂತ ವಿನ್‌ಸ್ಟನ್ ಎಂದಿಗೂ ಹಾಗೆ ಬೇಡುವುದಿಲ್ಲ. ಹಾಗೆ ಬೇಡುವಂತೆ ಅವನನ್ನು ಮುರಿಯುವುದೇ ಆ ರಾಜ್ಯದ ಗುರಿ.

ಹಾಗರಳ ಕಥೆ ಈ ಭೇದವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಆದಿಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಅವಳು ಓಡಿಹೋದ ದಾಸಿ. ಬಿಜಾಪುರದ ಭಾಷೆಯಲ್ಲಿ ಹೇಳುವುದಾದರೆ ಪಾಸಿಲ್ಲದೆ ಊರು ಬಿಟ್ಟವಳು. ಯಜಮಾನಿಯ ಮನೆಯಲ್ಲಿ ಅವಳನ್ನು ದಾಸಿ ಎನ್ನುವರೇ ಹೊರತು ಹೆಸರಿನಿಂದ ಕರೆಯುವವರಿಲ್ಲ. ಅಡವಿಯ ಒರತೆಯ ಬಳಿ ಕರ್ತನ ದೂತನು ಅವಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳುತ್ತಾನೆ. ಅದೇ ಪ್ರಶ್ನೆಯನ್ನು ಪೊಲೀಸ್ ಪಾಟೀಲನೂ ಕೇಳುತ್ತಿದ್ದ, ಶಬ್ದಗಳಲ್ಲಿ ಭೇದವಿಲ್ಲ. ಆದರೆ ಅಡವಿಯಲ್ಲಿ ಕೇಳಿಸಿಕೊಂಡವಳು ತಿರುಗಿ ದೇವರಿಗೇ ಒಂದು ಹೆಸರಿಡುತ್ತಾಳೆ: ತನ್ನನ್ನು ನೋಡುವವನು. ನೋಡಲ್ಪಟ್ಟವಳು ನೋಡಿದವನಿಗೆ ಹೆಸರಿಡುವ ಸಂಗತಿ ಸತ್ಯವೇದದಲ್ಲಿ ಅಪರೂಪ. ಹಾಜರಿ ಪುಸ್ತಕದಲ್ಲಿ ಅಸಾಧ್ಯ. ಅದೇ ದೂತನು ಅವಳನ್ನು ಯಜಮಾನಿಯ ಬಳಿಗೆ ಹಿಂದಿರುಗಲು ಹೇಳುತ್ತಾನೆಂಬುದು ಈ ಭಾಗದ ಕಠಿಣ ಮಾತು. ಅದನ್ನು ಮುಚ್ಚಿಟ್ಟು ಪ್ರಸಂಗ ಮಾಡಬಾರದು. ಸೆಟ್ಲಮೆಂಟಿನ ಪರವಾಗಿ ವಾದಿಸುವವರು ಅದನ್ನೇ ಹಿಡಿದುಕೊಳ್ಳಬಹುದು. ಅವರಿಗೆ ನಾವು ತೋರಿಸಬೇಕಾದದ್ದು ಇಪ್ಪತ್ತೊಂದನೆಯ ಅಧ್ಯಾಯ. ಅಲ್ಲಿ ದೇವರು ಅವಳನ್ನು ಹಿಂದಕ್ಕೆ ಕಳುಹಿಸುವುದಿಲ್ಲ.

ಎಣಿಕೆಯ ವಿಷಯದಲ್ಲಿ ಸತ್ಯವೇದ ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಅರಣ್ಯಕಾಂಡದಲ್ಲಿ ದೇವರೇ ಎಣಿಸಲು ಹೇಳುತ್ತಾನೆ, ಅದೂ ಹೆಸರು ಹೆಸರಾಗಿ. ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ ಎಣಿಸಲ್ಪಟ್ಟ ಪ್ರತಿಯೊಬ್ಬನೂ ತನ್ನ ಪ್ರಾಣಕ್ಕೆ ಈಡಾಗಿ ಅರ್ಧ ಶೆಕೆಲ್ ಕೊಡಬೇಕು. ಎಣಿಸುವುದು ಅಪಾಯದ ಕೆಲಸ ಎಂಬ ಅರಿವು ಅಲ್ಲಿದೆ. ಎರಡನೆಯ ಸಮುವೇಲನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ದಾವೀದನು ಯುದ್ಧಕ್ಕೆ ಯೋಗ್ಯರಾದವರನ್ನು ಎಣಿಸಲು ಹೊರಟಾಗ ಸೇನಾಪತಿ ಯೋವಾಬನೇ ಬೇಡವೆನ್ನುತ್ತಾನೆ. ಯೋವಾಬ ಸಾಧುವಲ್ಲ, ಅವನ ಕೈಯಲ್ಲಿ ರಕ್ತವಿದೆ. ಆದರೂ ಈ ಅಪ್ಪಣೆಯಲ್ಲಿ ಏನೋ ತಪ್ಪಿದೆ ಎಂಬುದು ಅವನಿಗೆ ತಿಳಿಯಿತು. ಒಂಬತ್ತು ತಿಂಗಳು ಇಪ್ಪತ್ತು ದಿನ ತೆಗೆದುಕೊಂಡ ಆ ಗಣತಿ ವ್ಯಾಧಿಯಲ್ಲಿ ಕೊನೆಗೊಂಡಿತು. ಎಣಿಸಿದ್ದರಲ್ಲಿ ಪಾಪವಿಲ್ಲ, ಅರಸನು ಜನರನ್ನು ತನ್ನ ಸ್ವತ್ತೆಂಬಂತೆ ಎಣಿಸಿದ್ದರಲ್ಲಿ ಇದೆ ಎಂದು ನಾವು ಇದನ್ನು ಓದುತ್ತೇವೆ. ಪಡಿತರಕ್ಕಾಗಿ, ಲಸಿಕೆಗಾಗಿ, ಶಾಲೆಗಾಗಿ ಜನರನ್ನು ಎಣಿಸದ ಸರಕಾರವನ್ನು ಯಾರೂ ಬಯಸುವುದಿಲ್ಲ.

ನ್ಯಾಯಾಲಯ ಪ್ರಶ್ನಿಸಲಾಗದ ಘೋಷಣೆಯ ಮಾತು ಮೇಲೆ ಬಂದಿತ್ತು. ದಾನಿಯೇಲನ ಆರನೆಯ ಅಧ್ಯಾಯವನ್ನು ಓದುವಾಗ ಅದನ್ನು ನೆನಪಿಟ್ಟುಕೊಳ್ಳಬೇಕು. ಮೇದ್ಯ ಪಾರಸಿಯರ ಶಾಸನ ಬದಲಾಗದು. ಅಧಿಕಾರಿಗಳು ಗುಂಪುಗೂಡಿ ಹೋಗಿ, ತೆರೆದ ಕಿಟಕಿಯ ಬಳಿ ಪ್ರಾರ್ಥಿಸುವವನನ್ನು ಪತ್ತೆಹಚ್ಚುತ್ತಾರೆ. ಆ ಕಥೆಯಲ್ಲಿ ಹೆಚ್ಚು ಕರುಣೆ ಹುಟ್ಟಿಸುವವನು ದಾರ್ಯಾವೆಷ ಅರಸ. ತಾನೇ ಮುದ್ರೆಯೊತ್ತಿದ ಶಾಸನದಿಂದ ತನ್ನ ಮೆಚ್ಚಿನ ಸೇವಕನನ್ನು ಬಿಡಿಸಲಾರದೆ ಅವನು ರಾತ್ರಿಯೆಲ್ಲ ನಿದ್ರೆಗೆಡುತ್ತಾನೆ. ಸ್ಟಾರ್ಟನಂಥವರನ್ನು ನೆನೆದಾಗ ನಮಗೆ ಓಬ್ರಯನ್ನನಿಗಿಂತ ದಾರ್ಯಾವೆಷನೇ ಹೆಚ್ಚು ನೆನಪಾಗುತ್ತಾನೆ.

ನಮ್ಮ ಕಾಲದಲ್ಲಿ

1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಪೂರ್ವತಪಾಸಣೆ, ವಿಚಾರಣೆಯಿಲ್ಲದ ಬಂಧನ ಎಲ್ಲವೂ ಬಂದವು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ ಬೆಂಗಳೂರಿನ ಜೈಲಿನಲ್ಲಿದ್ದರು. ಆಸ್ತಮಾದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಜನವರಿ 1977ರಲ್ಲಿ ತೀರಿಕೊಂಡರು. ಅವರು ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಸಭೆಗಳ ಮುಖಂಡರಲ್ಲಿ ಬಹುಮಂದಿ ಆಗ ಬಾಯಿ ತೆರೆಯಲಿಲ್ಲ. ಮಾರ್ ತೋಮಾ ಸಭೆಯ ಯೂಹಾನೋನ್ ಮೆತ್ರಾಪೊಲಿಟನರು ಪ್ರಧಾನಮಂತ್ರಿಗೆ ಪತ್ರ ಬರೆದು ವಿರೋಧಿಸಿದರು, ಎಂ. ಎಂ. ಥಾಮಸರು ತಮ್ಮ ಬರಹಗಳಲ್ಲಿ ವಿರೋಧಿಸಿದರು. ನಮ್ಮ ದೇವಶಾಸ್ತ್ರ ತರಗತಿಗಳಲ್ಲಿ ಥಾಮಸರ ಕ್ರಿಸ್ತಶಾಸ್ತ್ರವನ್ನು ಪಾಠ ಮಾಡುವಷ್ಟು ಈ ಬರಹಗಳನ್ನು ಪಾಠ ಮಾಡುವುದಿಲ್ಲ.

ಬೆರಳಚ್ಚಿನ ಕಥೆ ಮುಂದುವರಿದಿದೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ಪದ್ಧತಿ ಬಂಗಾಳದ ಬ್ರಿಟಿಷ್ ಆಡಳಿತದಲ್ಲಿ ರೂಪುಗೊಂಡು, 1897ರಲ್ಲಿ ಕಲ್ಕತ್ತೆಯಲ್ಲಿ ಅದಕ್ಕೊಂದು ಕಚೇರಿಯಾಯಿತು. ಲಂಡನ್ನಿಗೆ ಅದು ಹೋದದ್ದು ಇಲ್ಲಿಂದಲೇ. ಇಂದು ಆಧಾರ್‌ಗಾಗಿ ಹತ್ತು ಬೆರಳುಗಳನ್ನೂ ಎರಡು ಕಣ್ಣುಗಳನ್ನೂ ಕೊಡಲಾಗುತ್ತದೆ. ಇದನ್ನು ಹಾಜರಿ ಪುಸ್ತಕಕ್ಕೆ ಸಮವೆಂದು ಹೇಳಿದರೆ ತಪ್ಪಾಗುತ್ತದೆ. ಒಂದು ಪಂಗಡವನ್ನು ಶಂಕಿಸಿ ಗುರುತಿಸುವುದು ಬೇರೆ, ಎಲ್ಲರಿಗೂ ಒಂದು ಸಂಖ್ಯೆ ಕೊಡುವುದು ಬೇರೆ. ಆದರೆ ಗುಳೆ ಹೋಗಿ ಗಾರೆ ಕೆಲಸ ಮಾಡಿ ಬೆರಳ ತುದಿ ಸವೆದ ಮುದುಕಿ ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ನಿಂತು ಮೂರು ಸಲ ಹೆಬ್ಬೆರಳು ಒತ್ತುವುದನ್ನು ಈ ನಾಲ್ಕು ತಾಲೂಕುಗಳಲ್ಲಿ ಸೇವೆ ಮಾಡುವ ಸಭಾಪಾಲಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ತಾನು ತಾನೇ ಎಂದು ಯಂತ್ರಕ್ಕೆ ರುಜುವಾತುಪಡಿಸಬೇಕಾದ ಆ ಗಳಿಗೆಯನ್ನು ಝಮ್ಯಾತಿನ್ ಬರೆದಿಲ್ಲ. ಅವನ ಪ್ರಜೆಗಳಿಗೆ ಸಂಖ್ಯೆಗಳಿದ್ದರೂ ಆ ಸಂಖ್ಯೆಗಳು ಅವರನ್ನು ಗುರುತಿಸಲು ನಿರಾಕರಿಸುತ್ತಿರಲಿಲ್ಲ. ಆಧಾರ್ ವಿರುದ್ಧ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗಲೇ ಎಂಬತ್ತು ದಾಟಿದ ವಯಸ್ಸು. ಅದರ ಫಲವಾಗಿ 24 ಆಗಸ್ಟ್ 2017ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಐವರ ಪೀಠ ಆಧಾರನ್ನು ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಬಳಸಲು ಅವಕಾಶ ನೀಡಿದ್ದ ವಿಧಿಯನ್ನು ತೆಗೆದುಹಾಕಿತು.

ಈಗ ಎಣಿಕೆ ನಮ್ಮ ಬಾಗಿಲಿಗೂ ಬಂದಿದೆ. ಅಕ್ಟೋಬರ್ 2021ರಲ್ಲಿ ವಿಧಾನಮಂಡಲದ ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ ಸಮಿತಿ ರಾಜ್ಯದ ಕ್ರೈಸ್ತ ಆರಾಧನಾ ಸ್ಥಳಗಳ ಸಮೀಕ್ಷೆಗೆ ಸೂಚಿಸಿತು. ಕಲ್ಯಾಣ ಸಮಿತಿ ಎಂಬ ಹೆಸರನ್ನು ಗಮನಿಸಿರಿ; ಉಪಕಾರಿ, ಪಾಲಕ, ಅಣ್ಣ ಎಂಬ ಸಾಲಿಗೆ ಅದು ತಾನಾಗಿಯೇ ಸೇರುತ್ತದೆ. 2022ರ ಮತಾಂತರ ನಿಷೇಧ ಕಾಯಿದೆಯಂತೆ ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಹಾಗೂ ತಹಶೀಲದಾರರ ಕಚೇರಿಯ ಸೂಚನಾಫಲಕದ ಮೇಲೆ ಹಚ್ಚಿ ಆಕ್ಷೇಪಣೆಗಳನ್ನು ಕರೆಯಬೇಕು. ಒಬ್ಬನ ನಂಬಿಕೆಗೆ ಊರವರ ಆಕ್ಷೇಪಣೆ ಕರೆಯುವುದನ್ನು ಗಾಜಿನ ಮನೆಗಳ ಕಾದಂಬರಿಕಾರ ಓದಿದ್ದರೆ ಮೆಚ್ಚುತ್ತಿದ್ದನು. ಈ ಕಾಯಿದೆಯನ್ನು ಹಿಂಪಡೆಯಲು ಜೂನ್ 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಆಗ ನಮ್ಮಲ್ಲಿ ಅನೇಕರು ಸಂಕಟಪಟ್ಟರು, ಪ್ರಾರ್ಥನಾಕೂಟಗಳು ನಡೆದವು. ಅದು ಸಹಜ. ಆದರೆ ಹಾಜರಿ ಪುಸ್ತಕವನ್ನು ನಾವೇ ಹಿಡಿದಿದ್ದ ಕಾಲವೊಂದಿತ್ತು ಎಂಬ ನೆನಪು ಆ ಪ್ರಾರ್ಥನೆಗಳಲ್ಲಿ ಕೇಳಿಬಂದದ್ದು ಕಡಿಮೆ. ನಮ್ಮನ್ನು ಎಣಿಸಿದಾಗ ಮಾತ್ರ ಎಣಿಕೆಯನ್ನು ಪಾಪವೆಂದು ಕರೆದರೆ ನಮ್ಮ ಸಾಕ್ಷಿಯನ್ನು ಛಪ್ಪರಬಂದರ ಮೊಮ್ಮಕ್ಕಳು ಯಾಕೆ ನಂಬಬೇಕು?

ಸಭಾಪಾಲಕರು ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸಿ ಈ ಲೇಖನವನ್ನು ನಿಲ್ಲಿಸುತ್ತೇವೆ. ಸಭೆಯ ರಿಜಿಸ್ಟರುಗಳಲ್ಲಿ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ದಾಖಲೆ ಬೇಕೇ ಬೇಕು. ಆದರೆ ಸದಸ್ಯನ ಮೂಲ ಜಾತಿ, ಮೊದಲಿನ ಮತ, ಮನೆಯವರ ವಿರೋಧ, ಶಿಸ್ತುಕ್ರಮದ ವಿವರಗಳನ್ನು ರೂಢಿಯ ಬಲದಿಂದ ಬರೆಯುತ್ತಾ ಹೋಗುವ ಮೊದಲು, ಈ ಪುಟ ನಾಳೆ ಯಾರ ಮೇಜಿನ ಮೇಲಿರಬಹುದೆಂದು ಯೋಚಿಸಬೇಕು. ಆರಾಧನೆಯ ಫೋಟೋಗಳನ್ನು, ಸದಸ್ಯರ ಫೋನ್ ಸಂಖ್ಯೆಗಳ ಪಟ್ಟಿಯನ್ನು ವಾಟ್ಸಾಪ್ ಗುಂಪುಗಳಿಗೆ ಹರಿಯಬಿಡುವ ಅಭ್ಯಾಸವೂ ಇದರಲ್ಲಿ ಸೇರಿದೆ. ಬೇರೆ ಯಾವ ಸರಕಾರವೂ ಬೇಡ, ನಾವೇ ಸಾಕು. ಯಾರಾದರೂ ಪಟ್ಟಿ ಕೇಳಿದರೆ ಲಿಖಿತ ಅಪ್ಪಣೆಯನ್ನು ಕೇಳುವುದು, ಸಭಾಸಮಿತಿಯ ಮುಂದಿಡುವುದು, ವಕೀಲರ ಸಲಹೆ ಪಡೆಯುವುದು ಅವಿಧೇಯತೆಯಲ್ಲ. ಶಿಫ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ಫರೋಹನಿಗೆ ಇದಕ್ಕಿಂತ ಬಹಳ ಕಡಿಮೆ ವಿನಯದ ಉತ್ತರ ಕೊಟ್ಟರು. ಫರೋಹನ ಹೆಸರನ್ನು ಬರೆಯದ ವಿಮೋಚನಕಾಂಡ ಅವರಿಬ್ಬರ ಹೆಸರನ್ನು ಬರೆದಿಟ್ಟಿದೆ.

ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಕೃತ್ಯಗಳ ಪುಸ್ತಕಗಳು ತೆರೆಯಲ್ಪಟ್ಟ ಮೇಲೆ ಬೇರೊಂದು ಪುಸ್ತಕ, ಜೀವಬಾಧ್ಯರ ಪುಸ್ತಕ, ತೆರೆಯುತ್ತದೆ. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಜಯಹೊಂದಿದವನಿಗೆ ಬಿಳೀ ಕಲ್ಲಿನ ಮೇಲೆ ಬರೆದ ಹೊಸ ಹೆಸರೊಂದನ್ನು ಕೊಡಲಾಗುತ್ತದೆ. ಪಡೆದವನ ಹೊರತು ಅದು ಯಾರಿಗೂ ತಿಳಿಯದು. ಸರ್ವಜ್ಞನಾದ ದೇವರೇ ತನ್ನ ಜನರಿಗೆ ಒಂದು ಗುಟ್ಟನ್ನು ಉಳಿಸಿಕೊಡುತ್ತಾನೆ. ಈ ಎರಡು ಭಾಗಗಳನ್ನು ಹದಿಮೂರನೆಯ ಅಧ್ಯಾಯದ ಮೃಗದ ಗುರುತಿನೊಂದಿಗೆ ಇಟ್ಟು ವ್ಯಾಖ್ಯಾನಿಸುವ ಕೆಲಸ ನಮ್ಮ ಹೊಸ ಒಡಂಬಡಿಕೆಯ ವಿದ್ಯಾರ್ಥಿಗಳ ಪಾಲಿಗಿದೆ. ಇತಿಹಾಸದ ವಿದ್ಯಾರ್ಥಿಗಳಿಗೂ ಕೆಲಸವಿದೆ. ಹುಬ್ಬಳ್ಳಿಯ, ಬೆಟಗೇರಿಯ ಸೆಟ್ಲಮೆಂಟುಗಳಲ್ಲಿ ಹಾಜರಿಯ ಗಂಟೆಯನ್ನು ಬಾಲ್ಯದಲ್ಲಿ ಕೇಳಿದವರು ಈಗ ಎಂಬತ್ತು ದಾಟಿದವರು. ಅವರ ನೆನಪುಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಉಳಿದಿರುವ ಕಾಲ ಅಲ್ಪ. ಹೋಗುವವರು ಹೆಸರು, ಊರು, ಪಂಗಡ ಎಂದು ಕಲಮುಗಳಿರುವ ನಮೂನೆಯನ್ನು ಕೈಯಲ್ಲಿ ಹಿಡಿದು ಹೋಗದಿರಲಿ. ಏನನ್ನು ಹೇಳಬೇಕು, ಏನನ್ನು ಹೇಳಬಾರದು, ಯಾವ ಹೆಸರಿನಲ್ಲಿ ಹೇಳಬೇಕು ಎಂಬುದನ್ನು ಆ ಹಿರಿಯರೇ ನಿರ್ಧರಿಸಲಿ.